ಓನರಮ್ಮನ ಅಂಗಡಿ, ಓನರಮ್ಮನ ಗಿರಣಿ

ಮನೆ ಖರ್ಚು ಉಳಿಸುವುದು ಹೇಗೆ ಅಂತ ಯಾರಾದರೂ ಬುದ್ಧಿ ಹೇಳಲು ಶುರು ಮಾಡಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಟೀವಿಯವರು ಹೇಳಲಿ, ಪೇಪರಿನವರು ಬರೆಯಲಿ, ಉರಿ ಒಂದೇ. ಮೊದಲ ಸಲ ಈ ಪಾಠ ನನ್ನ ಕಿವಿಗೆ ಬಿದ್ದದ್ದು ನಾನು ಹೊಲಿಗೆ ಕೆಲಸಕ್ಕಿದ್ದ ಪೀಣ್ಯದ ಗಾರ್ಮೆಂಟ್ಸಿನಲ್ಲಿ. ಊಟದ ಬಿಡುವನ್ನು ಅರ್ಧಕ್ಕೆ ಕತ್ತರಿಸಿ ನಮ್ಮನ್ನೆಲ್ಲ ಕ್ಯಾಂಟೀನಿನಲ್ಲಿ ಕೂರಿಸಿದ್ದರು. ಹೊರಗಿನಿಂದ ಬಂದಿದ್ದ ಮೇಡಂ ಒಬ್ಬರು ಮೈಕು ಹಿಡಿದು, ‘ಒಂದೇ ಅಂಗಡೀಲಿ ತಗೋಬೇಡಿ, ನಾಲ್ಕು ಕಡೆ ರೇಟ್ ವಿಚಾರಿಸಿ. ಚಿಲ್ಲರೆ ತರಬೇಡಿ, ಮೂಟೆ ತನ್ನಿ’ ಅಂದರು. ನನಗೆ ತಡೆಯಲಿಲ್ಲ. ಎದ್ದು ನಿಂತು ಕೇಳಿದೆ: ‘ಮೇಡಂ, ಅಂಗಡಿ ಮನಿ ಓನರ್‌ದ ಇದ್ರ ಏನ್ ಮಾಡೂದ್ರಿ?’

ಮೇಡಂ ನಕ್ಕರು. ‘ಆಗ ಅವರ ಹತ್ರ ಡಿಸ್ಕೌಂಟ್ ಕೇಳಿ’ ಅಂದರು. ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು. ಅವರಲ್ಲಿ ಅರ್ಧ ಜನ ನಾನಿದ್ದಂಥದೇ ವಠಾರಗಳಲ್ಲಿದ್ದವರು. ನನ್ನ ಪ್ರಶ್ನೆ ಅವರಿಗೆ ಅರ್ಥವಾಗಿತ್ತು, ಆದರೂ ನಕ್ಕರು. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂದದ್ದು.

ಆಗ ನಾವಿದ್ದದ್ದು ಮಾಕಳಿಯಲ್ಲಿ. ತುಮಕೂರು ರಸ್ತೆಯ ಉದ್ದಕ್ಕೂ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಕಾಲ. ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ಮೂಗಿನೊಳಗೆ ಸಿಮೆಂಟು ತುಂಬಿರುತ್ತಿತ್ತು. ನನ್ನ ಗಂಡ ಪೀಣ್ಯದಲ್ಲೇ ಒಂದು ಲೇತ್ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಬಾಗಲಕೋಟೆ ಕಡೆಯಿಂದ ಬಂದ ನಾವು ಮೊದಲು ದಾಸರಹಳ್ಳಿಯಲ್ಲಿದ್ದೆವು, ಆಮೇಲೆ ನಾಗಸಂದ್ರ, ಆಮೇಲೆ ಇಲ್ಲಿ. ಪ್ರತಿ ಸಲವೂ ಓನರು ಬಾಡಿಗೆ ಏರಿಸುವುದು, ನಾವು ಮನೆ ಬಿಡುವುದು, ಮಗಳ ಕೈಗೆ ಟೀಸಿ ಬರುವುದು. ಹೊಸ ಶಾಲೆ, ಹೊಸ ಬೆಂಚು, ‘ನಿಮ್ ಭಾಷೆ ಯಾಕೆ ಹಂಗಿದೆ’ ಅಂತ ನಗುವ ಹೊಸ ಹುಡುಗಿಯರು. ಮಾಕಳಿಗೆ ಬಂದ ಮೇಲೆ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಅವಳು ಹೇಗೋ ನೆಲೆ ನಿಂತಳು. ಲೆಕ್ಕದ ಮಾಸ್ತರು ಅವಳನ್ನು ಕರೆದು ಮುಂದಿನ ಬೆಂಚಿನಲ್ಲಿ ಕೂರಿಸಿಕೊಂಡರು. ಹತ್ತನೇ ಕ್ಲಾಸು ಮುಗಿಯುವ ತನಕ ಆಕಾಶ ಕಳಚಿಬಿದ್ದರೂ ಈ ಮನೆ ಬಿಡುವುದಿಲ್ಲ ಅಂತ ನಾನು ಅವಳಿಗೆ ಮಾತು ಕೊಟ್ಟಿದ್ದೆ.

ಆ ಮಾತು ಓನರಮ್ಮನಿಗೆ ಗೊತ್ತಿತ್ತು. ನಾನೇ ಹೇಳಿಕೊಂಡಿದ್ದೆ, ಬಾಡಿಗೆ ಕೊಡಲು ಹೋದ ಒಂದು ದಿನ, ಒಳ್ಳೆಯ ಜನ ಅನ್ನಿಸಿಕೊಳ್ಳಲು.

ಓನರು ಅದೇ ಊರಿನ ಹಳೆಯ ಒಕ್ಕಲು ಮನೆತನದವರು. ಹೊಲ ಫ್ಯಾಕ್ಟರಿಗಳಿಗೆ ಹೋಗಿತ್ತು. ಉಳಿದ ಜಾಗದಲ್ಲಿ ಸಾಲಾಗಿ ಶೀಟಿನ ಮನೆಗಳನ್ನು ಕಟ್ಟಿಸಿ ನಮ್ಮಂಥವರನ್ನು ತುಂಬಿಸಿದ್ದರು. ಮುಂದೆ ರಸ್ತೆಗೆ ಅವರ ದಿನಸಿ ಅಂಗಡಿ, ಪಕ್ಕದಲ್ಲಿ ಅವರದೇ ಹಿಟ್ಟಿನ ಗಿರಣಿ. ಅಂಗಡಿಯಲ್ಲಿ ಓನರಮ್ಮ ಕೂರುತ್ತಿದ್ದಳು, ಗಿರಣಿಯನ್ನು ಓನರು ನೋಡುತ್ತಿದ್ದರು. ವಠಾರದಲ್ಲಿದ್ದವರು ಸಾಮಾನನ್ನು ಅವರ ಅಂಗಡಿಯಲ್ಲೇ ತರಬೇಕು. ಹಾಗಂತ ಯಾರೂ ಬರೆದುಕೊಟ್ಟಿರಲಿಲ್ಲ, ಬಾಯಿಬಿಟ್ಟು ಹೇಳಿಯೂ ಇರಲಿಲ್ಲ. ಹೊರಗಿನ ಅಂಗಡಿಯ ಚೀಲ ಹಿಡಿದು ಗೇಟು ದಾಟಿದರೆ ಓನರಮ್ಮ ಕುರ್ಚಿಯಲ್ಲಿ ಕೂತೇ ಕೇಳುತ್ತಿದ್ದಳು: ‘ಏನಮ್ಮಿ, ನಮ್ಮಂಗ್ಡೀಲಿ ಅದು ಇರ್ಲಿಲ್ವಾ?’ ಅಷ್ಟೇ. ಮರುದಿನ ನಿಮ್ಮ ಮನೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ಬೋರು ಅವರದು, ಮೋಟಾರು ಅವರದು, ವಾಲ್ವು ತಿರುಗಿಸುವ ಕೈಯೂ ಅವರದು.

ಆ ಅಂಗಡಿಯ ಬೆಲೆಗೆ ಹೇಳುವವರು ಕೇಳುವವರು ಇರಲಿಲ್ಲ. ಬೇಳೆಯಲ್ಲಿ ಕಲ್ಲು, ಎಣ್ಣೆಯಲ್ಲಿ ಕಮಟು. ಅದನ್ನೆಲ್ಲ ಹೇಗೋ ತಾಳಿಕೊಳ್ಳಬಹುದಿತ್ತು. ತಾಳಲಾಗದೆ ಹೋದದ್ದು ಜೋಳ. ನಾವು ರೊಟ್ಟಿ ತಿನ್ನುವ ಜನ. ಅಲ್ಲಿಯವರಿಗೆ ಜೋಳ ಅಂದರೆ ದನದ ಮೇವು. ಆದರೆ ವಠಾರದ ತುಂಬ ನಮ್ಮ ಕಡೆಯವರೇ ಇದ್ದದ್ದರಿಂದ ಓನರಮ್ಮ ಜೋಳ ತರಿಸಿಡುತ್ತಿದ್ದಳು. ಎಂಥ ಜೋಳ! ಹಳೆಯದು, ಮಂಕು ಬಣ್ಣದ್ದು, ಕೈ ಹಾಕಿದರೆ ನುಸಿ ಮೊಣಕೈಗೆ ಹತ್ತುವಂಥದ್ದು. ಅದರ ಹಿಟ್ಟಿನಲ್ಲಿ ರೊಟ್ಟಿ ಬಡಿದರೆ ಅಂಚು ಸೀಳಿ ನಕ್ಷೆಯಾಗುತ್ತಿತ್ತು. ಸೋನಾ ಮಸೂರಿಗಿಂತ ಜಾಸ್ತಿ ಬೆಲೆ ಕೊಟ್ಟು ಆ ಕಸ ತರುವಾಗ ನನಗೆ ಅಳು ಬರುತ್ತಿರಲಿಲ್ಲ, ಹೊಡೆಯಬೇಕು ಅನ್ನಿಸುತ್ತಿತ್ತು.

ಎದುರು ಮನೆಯಲ್ಲಿ ಗದಗಿನ ಕಡೆಯವಳೊಬ್ಬಳಿದ್ದಳು. ಅವಳ ಗಂಡ ಸೆಂಟ್ರಿಂಗ್ ಕೆಲಸದವನು. ಒಂದು ಸಂಜೆ ಅವಳೇ ಬಂದು ದನಿ ತಗ್ಗಿಸಿ ಹೇಳಿದಳು: ‘ಯಶವಂತಪುರ ಯಾರ್ಡಿಗೆ ನಮ್ಮ ವಿಜಾಪುರದ ಬಿಳಿಜೋಳ ಬರ್ತೇತಂತ. ಒಂದು ಚೀಲ ಇಬ್ರೂ ಕೂಡಿ ತರೂಣೇನು?’

ಭಾನುವಾರ ಬಸ್ಸು ಹತ್ತಿ ಹೋದೆವು. ಯಾರ್ಡಿನ ಆ ಗದ್ದಲ, ಹಮಾಲರ ಕೂಗು, ಧೂಳು, ಮೂಟೆಗಳ ಗುಡ್ಡ, ಅದರ ನಡುವೆ ಬಾಯಿ ಬಿಚ್ಚಿದ ಒಂದು ಚೀಲದಲ್ಲಿ ನಮ್ಮ ಜೋಳ. ಮುತ್ತು ಅನ್ನುವುದು ಸುಮ್ಮನೆ ಮಾತಲ್ಲ. ಇಬ್ಬರೂ ಬಗ್ಗಿ ಮುಷ್ಟಿ ತುಂಬ ಎತ್ತಿ ಮೂಸಿದೆವು. ಸೇಟ್ ನಮ್ಮನ್ನು ನೋಡಿ ರೇಟು ಇಳಿಸಲಿಲ್ಲ, ಇಳಿಸಬೇಕಾದ ಅಗತ್ಯವೂ ಇರಲಿಲ್ಲ. ಅವನು ಹೇಳಿದ್ದು ಓನರಮ್ಮನ ರೇಟಿನ ಹತ್ತಿರಕ್ಕೂ ಬರುತ್ತಿರಲಿಲ್ಲ. ಆಟೋದವನು ಮಾಕಳಿ ಅಂದದ್ದಕ್ಕೆ ಮುಖ ಸಿಂಡರಿಸಿದ. ಅವನಿಗೆ ಕೊಟ್ಟೂ ನಮಗೆ ಉಳಿಯಿತು. ಓನರಮ್ಮ ಪೂಜೆಗೆ ಒಳಗೆ ಹೋಗುವ ಹೊತ್ತು ನೋಡಿ, ಚೀಲಕ್ಕೆ ಹಳೆಯ ಬೆಡ್‌ಶೀಟ್ ಸುತ್ತಿ, ಹಾಸಿಗೆ ಅನ್ನುವ ಹಾಗೆ ಹೊತ್ತು ಒಳಗೆ ತಂದೆವು. ನಮ್ಮ ದುಡ್ಡಿನ ಜೋಳವನ್ನು ನಾವೇ ಕದ್ದು ತಂದೆವು. ಮಂಚದ ಕೆಳಗೆ ಇಟ್ಟು ಬಾಗಿಲು ಹಾಕಿಕೊಂಡು ಇಬ್ಬರೂ ನಕ್ಕದ್ದು ಇನ್ನೂ ನೆನಪಿದೆ.

ಚೀಲ ತಂದೆವು, ಹಿಟ್ಟು? ಬೀಸುವ ಗಿರಣಿ ಓನರದು. ಆ ಯೋಚನೆ ನಮ್ಮಿಬ್ಬರ ತಲೆಗೂ ಬಂದಿರಲಿಲ್ಲ. ಊರಲ್ಲಿ ಗಿರಣಿಯವನು ಯಾರ ಜೋಳ ಎಂದು ಕೇಳುವುದಿಲ್ಲ. ಡಬ್ಬಿ ಇಟ್ಟರೆ ಬೀಸಿಕೊಡುತ್ತಾನೆ. ಅದೇ ಅಭ್ಯಾಸದಲ್ಲಿ ನಾನು ಡಬ್ಬಿ ತುಂಬಿಕೊಂಡು ಹೋಗಿ ಓನರ ಮುಂದಿಟ್ಟೆ. ಓನರು ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಎತ್ತಿ ಬೆಳಕಿಗೆ ಹಿಡಿದರು.

‘ಇದು ನಮ್ಮಂಗ್ಡಿ ಜೋಳ ಅಲ್ವಲ್ಲಮ್ಮ.’

‘ಊರಿಂದ ಬಂದದ್ರಿ ಅಣ್ಣಾ’ ಅಂದೆ.

‘ಊರಿಂದ ಬಂದದ್ದು ಊರಲ್ಲೇ ಬೀಸಿಸ್ಕೊಂಡು ಬರ್ಬೇಕಿತ್ತು. ಬೇರೆ ಕಡೆ ತರೋರು ಬೇರೆ ಕಡೆನೇ ಮನೆ ನೋಡ್ಕಳಿ. ನಮ್ದೇನು ಬಲವಂತ ಇಲ್ಲ.’

ನಮ್ಮ ಜೋಳ ಚೆನ್ನಾಗಿತ್ತು ಅನ್ನುವುದೇ ನಮ್ಮ ಅಪರಾಧ. ಕಸವಾಗಿದ್ದರೆ ಅವರಿಗೆ ಗುರುತೇ ಹತ್ತುತ್ತಿರಲಿಲ್ಲ. ಡಬ್ಬಿ ಎತ್ತಿಕೊಂಡು ವಾಪಸು ಬರುವಾಗ ಹಲ್ಲು ಕಡಿದೇ ಕಡಿದೆ. ಪಕ್ಕದ ಊರಿನ ಗಿರಣಿಗೆ ಎದುರು ಮನೆಯವಳು ಹೋಗಿ ನೋಡಿದಳು. ಅದು ಓನರ ದೊಡ್ಡಪ್ಪನ ಮಗನದು. ‘ಅಣ್ಣನ ಮನೇಲಿ ಇರೋರಾ? ಅಲ್ಲೇ ಓಗಿ’ ಅಂದು ಕಳಿಸಿದ. ಆ ರಸ್ತೆಯಲ್ಲಿ ಯಾವ ಕಲ್ಲು ಎತ್ತಿದರೂ ಅದರ ಕೆಳಗೆ ಅವರ ನೆಂಟರೇ ಇರುತ್ತಿದ್ದರು.

ಆಗ ನಾವು ಜಾಣತನ ಮಾಡಿದೆವು. ಅಂಗಡಿಯ ಜೋಳವನ್ನು ಸ್ವಲ್ಪ ಕೊಂಡು ನಮ್ಮ ಜೋಳಕ್ಕೆ ಬೆರೆಸಿದರೆ ಬಣ್ಣ ಮಂಕಾಗುತ್ತದೆ, ಓನರಿಗೆ ಗುರುತು ಸಿಗುವುದಿಲ್ಲ. ಪ್ರತಿ ಸಲ ಬೆರೆಸುವ ಕಷ್ಟ ಯಾಕೆ ಅಂತ ಇಬ್ಬರೂ ಕೂತು ಇಡೀ ಚೀಲಕ್ಕೇ ಒಮ್ಮೆಗೆ ಬೆರೆಸಿಬಿಟ್ಟೆವು. ಓನರು ಕೈ ಹಾಕಿ ನೋಡಿ ಸುಮ್ಮನೆ ಬೀಸಿಕೊಟ್ಟರು. ಎಷ್ಟು ಖುಷಿಯಾಯಿತೆಂದರೆ ಆ ದಿನ ಎಣ್ಣೆಗಾಯಿ ಪಲ್ಯ ಮಾಡಿದೆ. ಕೆಲವು ವಾರ ಕಳೆದವು. ಒಂದು ದಿನ ಮಗಳು ಮಂಚದ ಮೇಲಿಂದ ಕೂಗಿದಳು: ‘ಅವ್ವಾ, ಗ್ವಾಡಿ ಮ್ಯಾಲೆ ಏನೋ ಹರಿದಾಡಾಕತ್ತೇತಿ.’ ಅಂಗಡಿಯ ಜೋಳದ ನುಸಿ ಇಡೀ ಚೀಲವನ್ನು ತಿಂದು, ಇನ್ನು ತಿನ್ನಲು ಉಳಿದಿಲ್ಲವೆಂದು ಗೋಡೆ ಹತ್ತಿತ್ತು.

ಒಣಗಿಸೋಣವೆಂದರೆ ಬಿಸಿಲಿದ್ದದ್ದು ಓನರ ತಾರಸಿಯ ಮೇಲೆ. ಬಾಗಿಲು ಮುಚ್ಚಿಕೊಂಡು, ಫ್ಯಾನು ಆರಿಸಿ, ಬೆವರು ಸುರಿಸುತ್ತ ಇಬ್ಬರೂ ಮೊರ ಹಿಡಿದು ಕೇರಿದೆವು. ಉಳಿದದ್ದರಲ್ಲಿ ಕಾಳಿಗಿಂತ ಹೊಟ್ಟೇ ಹೆಚ್ಚು. ಅದನ್ನು ಕತ್ತಲಾದ ಮೇಲೆ ಮೋರಿಗೆ ಸುರಿದು ಬಂದೆ. ಜೋಳವನ್ನು ಮೋರಿಗೆ ಸುರಿಯುವುದು ಅಂದರೆ ಏನೆಂದು ನಮ್ಮ ಕಡೆಯವರಿಗೆ ಮಾತ್ರ ಗೊತ್ತು. ಗಂಡ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದ. ‘ಆಗಿದ್ದು ಆತು, ಇನ್ನರ ಸುಮ್ನ ಅಲ್ಲೇ ತಗೋ’ ಅಂದ. ಅವನಿಗೆ ಗೊತ್ತಿದ್ದ ಒಂದೇ ಔಷಧ ಅದು, ಸುಮ್ಮನಿರುವುದು. ಮಗಳ ಹತ್ತನೇ ಕ್ಲಾಸು ಅಷ್ಟು ಹೊತ್ತಿಗೆ ಶುರುವಾಗಿತ್ತು. ನಾನೂ ಸುಮ್ಮನಾದೆ. ಮತ್ತೆ ಆ ಅಂಗಡಿ, ಆ ಕಲ್ಲುಬೇಳೆ, ಆ ನುಸಿಜೋಳ.

ದಸರೆ ಬೋನಸ್ಸು ಬಂದಾಗ ಕುಕ್ಕರು ಕೊಳ್ಳೋಣವೆಂದು ಎದುರು ಮನೆಯವಳ ಜೊತೆ ಮೇನ್ ರೋಡಿನ ಕಡೆ ಹೊಸದಾಗಿ ತೆರೆದಿದ್ದ ದೊಡ್ಡ ಬಜಾರಿಗೆ ಹೋದೆ. ಗಾಜಿನ ಬಾಗಿಲು, ಒಳಗೆ ತಂಪು, ಎಲ್ಲೆಲ್ಲೂ ಕೆಂಪು ಚೀಟಿಯ ಆಫರು. ಬಿಲ್ಲಿನ ಸಾಲಿನಲ್ಲಿ ನಮಗಿಂತ ಮುಂದೆ ತಳ್ಳುಗಾಡಿಗಳ ಒಂದು ರೈಲೇ ನಿಂತಿತ್ತು. ಸಕ್ಕರೆ, ಬೇಳೆ, ಎಣ್ಣೆ ಪ್ಯಾಕೆಟ್ಟು, ಜೋಡಿ ಜೋಡಿಯಾಗಿ ಟೇಪು ಸುತ್ತಿದ ಸೋಪು. ಅದರ ಹಿಂದೆ ಓನರಮ್ಮ, ಓನರು. ಎದುರು ಮನೆಯವಳು ನನ್ನನ್ನು ಕಂಬದ ಹಿಂದೆ ಎಳೆದುಕೊಂಡಳು. ನಾವೇಕೆ ಬಚ್ಚಿಟ್ಟುಕೊಳ್ಳಬೇಕು? ಆದರೂ ಬಚ್ಚಿಟ್ಟುಕೊಂಡೆವು.

ನಮಗೆ ಕಸ ಮಾರಿ ತಾವು ಇಲ್ಲಿಂದ ತಂದು ತಿನ್ನುತ್ತಾರೆ ಅಂತ ಆ ದಿನ ನಾನು ಅಂದುಕೊಂಡೆ. ಅಷ್ಟಕ್ಕೇ ಹೊಟ್ಟೆ ಉರಿದಿತ್ತು. ನಾನು ಅವರನ್ನು ಪೂರ್ತಿ ತಿಳಿದುಕೊಂಡಿರಲಿಲ್ಲ. ಅದೇ ವಾರ ಸೋಪು ತರಲು ಮಗಳನ್ನು ಅಂಗಡಿಗೆ ಕಳಿಸಿದೆ. ಅವಳು ತಂದ ಸೋಪಿನ ಒಂದು ಪಕ್ಕ ಟೇಪು ಕಿತ್ತ ಅಂಟು. ಬೆರಳಿಗೆ ಹತ್ತುತ್ತಿತ್ತು. ತಿರುಗಿಸಿ ನೋಡಿದರೆ ಮೇಲೆ ಅಚ್ಚಾಗಿತ್ತು: ‘ಉಚಿತ. ಮಾರಾಟಕ್ಕಿಲ್ಲ.’

ಒಂದಕ್ಕೆ ಒಂದು ಪುಕ್ಕಟೆ ಬಂದ ಸೋಪನ್ನು ಬಿಡಿಸಿ, ಎರಡನ್ನೂ ನಮಗೆ ಪೂರಾ ಬೆಲೆಗೆ ಮಾರುತ್ತಿದ್ದರು. ಆ ತಳ್ಳುಗಾಡಿಯ ಬೇಳೆ, ಸಕ್ಕರೆ, ಎಣ್ಣೆ ಎಲ್ಲ ಹಳೆಯ ಕಸದ ಜೊತೆಗೆ ನಮಗೇ ಬರುತ್ತಿತ್ತು, ಅವರ ಕೈ ದಾಟಿ, ಅವರ ಬೆಲೆಗೆ. ನಾಲ್ಕು ಕಡೆ ರೇಟು ವಿಚಾರಿಸಿ ಅಂದರಲ್ಲ ಆ ಮೇಡಂ, ವಿಚಾರಿಸಿದವಳು ಓನರಮ್ಮ. ಮೂಟೆ ತಂದವಳೂ ಅವಳೇ. ಉಳಿತಾಯದ ಪಾಠವನ್ನು ತಪ್ಪಿಲ್ಲದೆ ಕಲಿತವಳು ಇಡೀ ಮಾಕಳಿಯಲ್ಲಿ ಅವಳೊಬ್ಬಳೇ, ಮತ್ತು ಅದನ್ನು ನಮ್ಮ ತಲೆಯ ಮೇಲೆ ಕೂತು ಕಲಿತಿದ್ದಳು.

ಮರುದಿನ ಬೆಳಗ್ಗೆ, ಶಿಫ್ಟಿಗೆ ಹೋಗುವವರೆಲ್ಲ ಹಾಲು ಬ್ರೆಡ್ಡಿಗೆ ಅಂಗಡಿ ಮುಂದೆ ಮುತ್ತಿರುವ ಹೊತ್ತಿಗೆ, ಸೋಪನ್ನು ತೆಗೆದುಕೊಂಡು ಹೋಗಿ ಓನರಮ್ಮನ ಮುಂದೆ ಇಟ್ಟೆ. ಗಂಡ ಹಿಂದಿನಿಂದ ಸೆರಗು ಹಿಡಿದೆಳೆದ. ಬಿಡಿಸಿಕೊಂಡೆ.

‘ಅಕ್ಕಾ, ಇದರ ಮ್ಯಾಲೆ ಏನ್ ಬರದೇತಿ ಓದ್ರಿ.’

ಅವಳು ಓದಲಿಲ್ಲ. ಸೋಪನ್ನು ನೋಡಲೂ ಇಲ್ಲ.

‘ಪುಕ್ಕಟೆ ಬಂದದ್ದು ನಮಗ ಮಾರ್ತೀರಿ. ಬಜಾರಿನ್ಯಾಗ ನಿಮ್ಮನ್ನ ನಾನ ಕಣ್ಣಾರೆ ನೋಡೀನಿ. ನಾವು ಒಂದು ಚೀಲ ಜೋಳ ತಂದ್ರ ಕಳ್ಳರು, ನೀವು ಗಾಡಿಗಟ್ಟಲೆ ತಂದ್ರ ಯಾಪಾರ?’

ಮಾತು ಇನ್ನೂ ಇತ್ತು, ಎಷ್ಟೋ ತಿಂಗಳಿಂದ ಕೂಡಿಟ್ಟದ್ದು. ಯಾರಾದರೂ ಒಬ್ಬರು ‘ಹೌದು’ ಅನ್ನುತ್ತಾರೆಂದು ಸುತ್ತ ನೋಡಿದೆ. ಎಲ್ಲರೂ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಎದುರು ಮನೆಯವಳು, ನನ್ನ ಜೊತೆ ಜೋಳ ಮೂಸಿದವಳು, ನನ್ನ ಜೊತೆ ಕಂಬದ ಹಿಂದೆ ನಿಂತವಳು, ಹಾಲಿನ ಪ್ಯಾಕೆಟ್ಟು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಹೊರಟಿದ್ದಳು. ಅವಳಿಗೂ ಮಕ್ಕಳಿದ್ದರು, ಗೊತ್ತು. ಆದರೂ ಆ ಬೆನ್ನಿನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ.

ಓನರಮ್ಮ ನನ್ನ ಹಿಂದೆ ನಿಂತಿದ್ದವನಿಗೆ ಬ್ರೆಡ್ಡು ಕೊಟ್ಟು, ಚಿಲ್ಲರೆ ಎಣಿಸಿ ಕೊಟ್ಟು, ಆಮೇಲೆ ನನ್ನ ಕಡೆ ತಿರುಗಿದಳು. ‘ಬೇಕಾದ್ರೆ ತಕೋಬೇಕು, ಬ್ಯಾಡ ಅಂದ್ರೆ ಬುಡಬೇಕು. ಇಷ್ಟೊಂದು ಬಾಯಿ ಇರೋರು ನಮ್ಮ ವಠಾರಕ್ಕೆ ಬ್ಯಾಡ ಕಣಮ್ಮ. ಈ ತಿಂಗ್ಳು ಮುಗೀತಿದ್ದಂಗೆ ಮನೆ ಖಾಲಿ ಮಾಡಿ.’

ಸಂಜೆ ಬಂದಾಗ ನಲ್ಲಿ ಒಣಗಿತ್ತು. ಮರುದಿನವೂ ಹಾಗೇ. ಗಂಡ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ಹೈವೇ ಪಕ್ಕದ ಲಾರಿ ತೊಳೆಯುವ ಜಾಗದಿಂದ ನೀರು ತಂದ. ಅವನು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಬೊಮ್ಮಸಂದ್ರದ ಕಡೆ ಅವನ ಗೆಳೆಯನೊಬ್ಬನಿದ್ದ. ಅಲ್ಲಿ ಕೆಲಸವೂ ಮನೆಯೂ ಸಿಗಬಹುದು ಅಂತ ಫೋನಿನಲ್ಲಿ ವಿಚಾರಿಸಿದ. ಬೊಮ್ಮಸಂದ್ರ ಅಂದರೆ ಊರಿನ ಆ ತುದಿ. ಮಗಳು ಗೋಡೆಗೆ ಒರಗಿ ಲೆಕ್ಕ ಮಾಡುತ್ತ ಕೂತಿದ್ದಳು. ಪೆನ್ನು ನಿಂತದ್ದು ನನಗೆ ಕಂಡಿತು. ಕೊಟ್ಟ ಮಾತನ್ನು ನಾನೇ ನನ್ನ ಬಾಯಿಂದ ಮುರಿದಿದ್ದೆ. ಆದರೆ ಅಂಗಡಿ ಮುಂದೆ ನಾನು ಆಡಿದ್ದು ಸುಳ್ಳಾಗಿತ್ತೇ? ಸೋಪಿನ ಮೇಲೆ ಬರೆದದ್ದನ್ನು ಓದಿ ಹೇಳಿದ್ದು ತಪ್ಪೇ? ಯಾರಾದರೂ ಹೇಳಲಿ ನನಗೆ.

ಅದರ ಮರುದಿನ ಫ್ಯಾಕ್ಟರಿಯಿಂದ ಬಂದು ಗೇಟು ದಾಟುವಾಗಲೇ ನೀರಿನ ಸದ್ದು ಕೇಳಿಸಿತು. ನಮ್ಮ ನಲ್ಲಿ. ಜೋರಾಗಿ ಬರುತ್ತಿತ್ತು. ಕೆಳಗಿಟ್ಟ ಕೊಡ ತುಂಬಿ ಹರಿಯುತ್ತಿತ್ತು. ಗಂಡ ಹೋಗಿ ಕೈಕಾಲು ಹಿಡಿದಿರಬೇಕು ಅಂದುಕೊಂಡೆ, ಆದರೆ ಅವನಿಗೆ ಆ ದಿನ ಓವರ್ ಟೈಮು. ಓನರಮ್ಮ ಅಂಗಡಿಯ ಕುರ್ಚಿಯಿಂದಲೇ ಕರೆದಳು. ಮುಖದಲ್ಲಿ ನಗು.

‘ಬಾರಮ್ಮ ಇಲ್ಲಿ. ಮನೆ ಬುಡೋದೇನೂ ಬ್ಯಾಡ ಬುಡು. ನಿನ್ ಮಗ್ಳು ಬಂದಿದ್ಲು ಇಸ್ಕೂಲಿಂದ. ಇಲ್ಲೇ ನಿಂತ್ಕಂಡು ಕೈ ಮುಗುದ್ಲು. ನಮ್ಮವ್ವಂಗೆ ಸಿಟ್ಟು ಜಾಸ್ತಿ, ತೆಪ್ಪು ತಿಳ್ಕಬೇಡಿ ಅಕ್ಕಾ, ಇನ್ಮ್ಯಾಕೆ ಎಲ್ಲಾ ನಿಮ್ಮಂಗ್ಡೀಲೇ ತಕತೀವಿ ಅಂದ್ಲು. ನಮ್ ಭಾಷೇಲೇ ಎಷ್ಟು ಚೆಂದಾಗಿ ಮಾತಾಡ್ತಾಳೆ.’

ಆಮೇಲೆ ಮನಸಾರೆ ಹೇಳಿದಳು: ‘ಒಳ್ಳೆ ಬುದ್ಧಿ ಕಲ್ಸಿದ್ದೀಯ ಕಣಮ್ಮ ಮಗ್ಳಿಗೆ.’

ನಾನು ಬಾಗಿಲ ಕಡೆ ನೋಡಿದೆ. ಮಗಳು ಒಳಗೆ ಗೋಡೆಗೆ ಒರಗಿ ಲೆಕ್ಕ ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. ಆ ಕೈಗಳನ್ನು ಎಳೆದು ಎರಡೇಟು ಹಾಕಬೇಕು ಅನ್ನಿಸಿತು. ಅಂಗಡಿಗೆ ಬೆಂಕಿ ಇಡಬೇಕು ಅನ್ನಿಸಿತು. ಓನರಮ್ಮನ ಬಾಯಿಗೆ ಆ ನುಸಿಜೋಳ ತುರುಕಬೇಕು ಅನ್ನಿಸಿತು. ನೀರು ಸುಮ್ಮನೆ ಹರಿದು ಮೋರಿಗೆ ಹೋಗುತ್ತಿತ್ತು. ಮೋಟಾರು ಆರಿಸಲು ಹೆಚ್ಚು ಹೊತ್ತು ಉಳಿದಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮನೆಯಲ್ಲಿದ್ದ ಕೊಡ, ಬಕೆಟ್ಟು, ಕುಕ್ಕರು ಎಲ್ಲವನ್ನೂ ತಂದಿಟ್ಟು ತುಂಬಿಸಿದೆ.